ಕಾಪಾನ ಹೆಸರಲ್ಲಿ ಕರಗಿಹೋದ ಗೆರ್ಡಾ

ಪ್ರಶ್ನೆ: ಯುದ್ಧಚಿತ್ರಗಳಿಗೆ ಹೆಸರಾದ ರಾಬರ್ಟ್ ಕಾಪಾನ ಕೆಲವು ಫೋಟೋಗಳನ್ನು ನಿಜವಾಗಿ ತೆಗೆದವಳು ಅವನ ಗೆಳತಿಯಂತೆ. ಹೌದೇ? ಯಾರಾಕೆ?

ಉತ್ತರ: ಹೌದು. ಅಷ್ಟೇ ಅಲ್ಲ, ‘ರಾಬರ್ಟ್ ಕಾಪಾ’ ಎಂಬ ಹೆಸರು ಹುಟ್ಟಿದ್ದರಲ್ಲೂ ಆಕೆಯ ಕೈಯಿದೆ.

ಆಕೆ ಗೆರ್ಡಾ ಟಾರೊ. ಹುಟ್ಟುಹೆಸರು ಗೆರ್ಟಾ ಪೊಹೊರಿಲ್ಲೆ. 1910ರಲ್ಲಿ ಸ್ಟುಟ್‌ಗಾರ್ಟ್‌ನ ಯಹೂದಿ ಮನೆಯಲ್ಲಿ ಜನನ. ನಾಜಿವಿರೋಧಿ ಕರಪತ್ರ ಹಂಚಿದ ಪ್ರಕರಣದಲ್ಲಿ 1933ರಲ್ಲಿ ಲೈಪ್ಜಿಗ್‌ನಲ್ಲಿ ಬಂಧನವಾಯಿತು. ಬಿಡುಗಡೆಯಾದ ಮೇಲೆ ಪ್ಯಾರಿಸ್ ಸೇರಿದಳು. ಅಲ್ಲಿ ಪರಿಚಯವಾದ ಹಂಗೇರಿಯ ಎಂಡ್ರೆ ಫ್ರೀಡ್ಮನ್ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದ. ಮುಂದೆ ಅಲಿಯಾನ್ಸ್ ಫೋಟೋ ಎಂಬ ಏಜೆನ್ಸಿಯಲ್ಲಿ ಕೆಲಸ ಸಿಕ್ಕಿತು. ಚಿತ್ರ ಮಾರುವ ವ್ಯವಹಾರ ಅರ್ಥವಾದದ್ದು ಆ ಮೇಜಿನ ಮುಂದೆ. ಫ್ರೀಡ್ಮನ್‌ನಂಥ ನಿರಾಶ್ರಿತ ಯಹೂದಿ ಹುಡುಗ ತೆಗೆದ ಫೋಟೋಗೆ ಯಾರು ಕಾಸು ಬಿಚ್ಚುತ್ತಾರೆ? ಅದಕ್ಕೇ 1936ರಲ್ಲಿ ಇಬ್ಬರೂ ಸೇರಿ ಒಬ್ಬ ಶ್ರೀಮಂತ ಅಮೆರಿಕನ್ ಫೋಟೋಗ್ರಾಫರನನ್ನು ಸೃಷ್ಟಿಸಿ, ಕಾಪಾ ಎಂದು ಹೆಸರಿಟ್ಟು, ಅವನ ಪರವಾಗಿ ಚಿತ್ರ ಮಾರಿದರು. ಗುಟ್ಟು ಬೇಗ ಬಯಲಾಯಿತು. ಹೆಸರು ಫ್ರೀಡ್ಮನ್‌ಗೇ ಉಳಿಯಿತು, ಈಕೆ ಟಾರೊ ಆದಳು.

ಅದೇ ವರ್ಷದ ಆಗಸ್ಟ್‌ನಲ್ಲಿ ಇಬ್ಬರೂ ಅಂತರ್ಯುದ್ಧದ ಸ್ಪೇನ್‌ಗೆ ಹೋದರು. ಬಾರ್ಸಿಲೋನಾ ಬಳಿಯ ಕಡಲತೀರದಲ್ಲಿ ಟಾರೊ ತೆಗೆದ ಒಂದು ಚಿತ್ರವಿದೆ: ತರಬೇತಿಯಲ್ಲಿರುವ ಮಹಿಳಾ ಸೈನಿಕೆ ಮರಳಲ್ಲಿ ಒಂದು ಮಂಡಿಯೂರಿ ಪಿಸ್ತೂಲು ಗುರಿಯಿಟ್ಟಿದ್ದಾಳೆ, ಕಾಲಲ್ಲಿ ಹೈಹೀಲ್ಡ್ ಚಪ್ಪಲಿ! ಫೋಟೋಗ್ರಾಫರ್ ನೆಲಕ್ಕೆ ಕೂತು ತೆಗೆದದ್ದರಿಂದ ಆಕೃತಿ ಇಡೀ ಆಕಾಶ ತುಂಬುತ್ತದೆ. ನನ್ನ ಮಟ್ಟಿಗೆ, ಟಾರೊಳ ಅತ್ಯುತ್ತಮ ಚಿತ್ರ ಇದೇ.

ಯಾವುದು ಯಾರದು ಎಂಬ ಗೊಂದಲಕ್ಕೆ ಮರಳೋಣ. ಆರಂಭದಲ್ಲಿ ಟಾರೊಳ ಕ್ಯಾಮೆರಾದಲ್ಲಿ ಚೌಕಾಕಾರದ ನೆಗೆಟಿವ್ ಬರುತ್ತಿತ್ತು, ಕಾಪಾನ ಲೈಕಾದಲ್ಲಿ ಆಯತಾಕಾರದ್ದು. ಆ ದಿನಗಳ ಚಿತ್ರಗಳನ್ನು ಬೇರ್ಪಡಿಸಲು ಈ ಆಕಾರವೇ ಸುಳಿವು. 1937ರಲ್ಲಿ ಈಕೆಯೂ ಲೈಕಾ ಬಳಸಿದಳು, ಸುಳಿವು ತಪ್ಪಿತು. ಕೆಲವು ಚಿತ್ರಗಳ ಹಿಂದೆ ‘ಕಾಪಾ ಮತ್ತು ಟಾರೊ’ ಎಂಬ ಜಂಟಿ ಮುದ್ರೆ. ಕೊನೆಯ ತಿಂಗಳುಗಳಲ್ಲಿ ಮಾತ್ರ ‘ಫೋಟೋ ಟಾರೊ’ ಎಂದು ಆಕೆಯದೇ ಮುದ್ರೆ.

1937ರ ಜುಲೈ 25ರಂದು, ಸ್ಪೇನ್‌ನ ಬ್ರುನೆಟೆ ಕದನದಲ್ಲಿ ಗಣರಾಜ್ಯದ ಪಡೆ ಹಿಮ್ಮೆಟ್ಟುತ್ತಿತ್ತು. ಗಾಯಾಳುಗಳನ್ನು ಒಯ್ಯುತ್ತಿದ್ದ ಕಾರಿನ ಹೊರಮೆಟ್ಟಿಲ ಮೇಲೆ ನಿಂತಿದ್ದಳು ಟಾರೊ. ತಮ್ಮ ಕಡೆಯದೇ ಟ್ಯಾಂಕೊಂದು ದಿಕ್ಕುತಪ್ಪಿ ಗುದ್ದಿತು, ಮರುದಿನ ಸತ್ತಳು. ಪ್ಯಾರಿಸ್‌ನಲ್ಲಿ ಅಂತ್ಯಕ್ರಿಯೆ ನಡೆದ ಆಗಸ್ಟ್ 1, ಆಕೆಯ 27ನೇ ಹುಟ್ಟುಹಬ್ಬ. ಸಾವಿರಾರು ಜನ ಸೇರಿದ್ದರು.

ಆದರೆ ಮುಂದೆ ಬಂದ ಮಹಾಯುದ್ಧದಲ್ಲಿ ಕಾಪಾನ ಕೀರ್ತಿ ಬೆಳೆಯಿತು; ಟಾರೊಳ ಹೆತ್ತವರು, ಒಡಹುಟ್ಟಿದವರು ನಾಜಿಗಳ ನರಮೇಧಕ್ಕೆ ಬಲಿಯಾದರು. ಆ ಚಿತ್ರಗಳು ನಮ್ಮವಳದ್ದು ಎಂದು ಕೇಳಲು ಮನೆಯವರೇ ಇರಲಿಲ್ಲ. ಜರ್ಮನಿಯ ಇರ್ಮೆ ಶಾಬರ್ 1994ರಲ್ಲಿ ಜೀವನಚರಿತ್ರೆ ಬರೆದ ಮೇಲೆ ಹುಡುಕಾಟ ಚುರುಕಾಯಿತು. 2007ರಲ್ಲಿ ಮೆಕ್ಸಿಕೋದಲ್ಲಿದ್ದ ಪೆಟ್ಟಿಗೆಗಳು ನ್ಯೂಯಾರ್ಕ್‌ನ ಛಾಯಾಚಿತ್ರ ಕೇಂದ್ರದ ಕೈಸೇರಿದವು: ಕಾಪಾ, ಟಾರೊ, ಅವರ ಗೆಳೆಯ ಚಿಮ್ ತೆಗೆದ ಸುಮಾರು 4,500 ನೆಗೆಟಿವ್‌ಗಳು. ರೋಲುಗಳನ್ನು ಒಂದೊಂದಾಗಿ ನೋಡಿದ ಮೇಲೆ, ಕಾಪಾನ ಲೆಕ್ಕದಲ್ಲಿದ್ದ ಹಲವು ಚಿತ್ರಗಳು ಟಾರೊಳ ಹೆಸರಿಗೆ ಬಂದವು.