ಕೊಲೆಗೆ ತಲೆದೂಗಬೇಡ, ತಮ್ಮಾ

ನವಲಗುಂದ ತಾಲೂಕಿನ ತಮ್ಮನಿಗೆ,

ಡಾ. ಎಂ. ಎಂ. ಕಲಬುರ್ಗಿ ಅವರನ್ನು ಗುಂಡಿಕ್ಕಿ ಕೊಂದಾಗ ನೀನು ಇನ್ನೂ ಕನ್ನಡ ಶಾಲೆಗೆ ಹೋಗುತ್ತಿದ್ದ ಹುಡುಗ. ಈಗ ಡಿಗ್ರಿ ಮುಗಿಸುತ್ತ ಬಂದಿದ್ದೀ. ಮೊನ್ನೆ ಅಗಸಿ ಹತ್ತಿರ ನಾಲ್ಕು ಮಂದಿ ಕೂತು ಮಾತಾಡುವಾಗ ಅವರ ಹೆಸರು ಬಂತು. "ದೇವರಿಗೆ ಅಂದವರಿಗೆ ಹಂಗ ಆಗೂದ ಬಿಡ್ರಿ" ಎಂದು ನೀನು ಅಂದೆ. ಒಬ್ಬಿಬ್ಬರು ನಕ್ಕರು, ಉಳಿದವರು ಸುಮ್ಮನಾದರು. ಮಂದಿಯ ಮುಂದೆ ನಿನ್ನ ಮುಖ ಸಣ್ಣದು ಮಾಡುವುದು ಬೇಡವೆಂದು ಅಲ್ಲಿ ಮಾತು ಬೆಳೆಸಲಿಲ್ಲ. ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ನಿನ್ನ ವಾರಗೆಯವರೂ ಓದಲೆಂದು ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನಿನ್ನ ಹೆಸರು ಬರೆದಿಲ್ಲ.

ಮೊದಲು ಆ ದಿನ ಏನಾಯಿತೆಂದು ಕೇಳು. 2015ರ ಆಗಸ್ಟ್ 30, ಭಾನುವಾರ. ಧಾರವಾಡದ ಕಲ್ಯಾಣನಗರದಲ್ಲಿ ಬೆಳಿಗ್ಗೆ ಎಂಟೂವರೆ ದಾಟಿತ್ತು. ಮೋಟಾರ್ ಸೈಕಲ್ ಮೇಲೆ ಇಬ್ಬರು ಬಂದರು. ಒಬ್ಬ ಬಾಗಿಲು ಬಡಿದ. ತೆರೆದವರು ಕಲಬುರ್ಗಿಯವರ ಪತ್ನಿ ಉಮಾದೇವಿಯವರು. ವಿದ್ಯಾರ್ಥಿಗಳು ಬಂದು ಹೋಗುವ ಮನೆ ಅದು. ಬಂದವರನ್ನು ನೀವು ಯಾರು, ಏಕೆ ಬಂದಿರಿ ಎಂದು ಜರಡಿ ಹಿಡಿಯುವ ಮನೆಯಲ್ಲ. ಯಾರೋ ಬಂದಿದ್ದಾರೆಂದು ಅವರು ಯಜಮಾನರನ್ನು ಕರೆದರು. ಎದುರಿಗೆ ಬಂದ 76 ವರ್ಷದ ಹಿರಿಯರ ಹಣೆಗೆ ಗುಂಡು ಬಿತ್ತು.

ಅವರು ಯಾರೆಂದು ನಿನಗೆ ಯಾರೂ ಸರಿಯಾಗಿ ಹೇಳಿಲ್ಲವೆಂದು ನನಗೆ ಅನಿಸುತ್ತದೆ. ನಿನ್ನ ಮೊಬೈಲಿಗೆ ಬಂದದ್ದು ಅರ್ಧ ನಿಮಿಷದ ವಿಡಿಯೊ. ಮನುಷ್ಯ ಅದಕ್ಕಿಂತ ಬಹಳ ದೊಡ್ಡವರು. ಸಿಂದಗಿ ತಾಲೂಕಿನಲ್ಲಿ ಹುಟ್ಟಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕಲಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾದವರು. ನಮ್ಮೂರ ಗುಡಿಯ ಹಿಂದೆ, ಕೆರೆಯ ದಂಡೆಯಲ್ಲಿ ದನ ಮೈ ತಿಕ್ಕುವ ಕಲ್ಲಿನಲ್ಲೂ ಅಕ್ಷರ ಹುಡುಕಿ, ಅದು ಯಾವ ಅರಸನ ಕಾಲದ್ದು, ಯಾರು ಯಾರಿಗೆ ಭೂಮಿ ಬಿಟ್ಟರು ಎಂದು ಓದುವ ವಿದ್ಯೆಗೆ ಆಯುಷ್ಯ ಸವೆಸಿದವರು. ವಚನಗಳನ್ನೆಲ್ಲ ಒಂದೆಡೆ ತಂದ ಹದಿನೈದು ಸಂಪುಟಗಳ ಸರಕಾರಿ ಪ್ರಕಟಣೆಯ ಹಿಂದೆ ಅವರ ದುಡಿಮೆ ಇತ್ತು. ಬಸವ ಜಯಂತಿಯ ಮೆರವಣಿಗೆಯಲ್ಲಿ ನೀನು ಹೇಳುವ ವಚನ ಆ ಸಂಪುಟಗಳ ಹಾದಿಯಿಂದಲೇ ನಿನ್ನ ಬಾಯಿಗೆ ಬಂದಿರಬಹುದು. ಇನ್ನೊಂದು ಕಡೆ, ವಿಜಯಪುರದ ಆದಿಲಶಾಹಿ ಕಾಲದ ಸಾಹಿತ್ಯ ಕನ್ನಡಕ್ಕೆ ಬರಬೇಕೆಂದು ಮುಂದೆ ನಿಂತವರೂ ಅವರೇ. 2006ರಲ್ಲಿ 'ಮಾರ್ಗ-4'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ದೊಡ್ಡ ವಿದ್ವಾಂಸರಾಗಿದ್ದರು, ಅದಕ್ಕೆ ಕೊಲ್ಲಬಾರದಿತ್ತು ಎನ್ನಲು ಇದನ್ನೆಲ್ಲ ಹೇಳುತ್ತಿಲ್ಲ. ಒಂದು ಸಾಲೂ ಬರೆಯದವರಾಗಿದ್ದು, ಅವರು ಆಡಿದ ಪ್ರತಿ ಮಾತೂ ತಪ್ಪಾಗಿದ್ದರೂ ಆ ಬಾಗಿಲಿಗೆ ಪಿಸ್ತೂಲು ತರುವ ಹಕ್ಕು ಯಾರಿಗೂ ಇರಲಿಲ್ಲ. ಅವರ ಮಾತುಗಳಲ್ಲಿ ಕೆಲವು ನನಗೂ ಒಪ್ಪಿಗೆಯಾಗಿರಲಿಲ್ಲ. ಭಕ್ತಿಯಿಂದ ಬದುಕುವ ಮಂದಿಯ ಮನಸ್ಸು ನೋಯದಂತೆ ಹೇಳುವ ದಾರಿ ಇತ್ತೆಂದು ಇವತ್ತಿಗೂ ಅಂದುಕೊಳ್ಳುತ್ತೇನೆ. ಹಾಗೆಂದು ಅವರಿಗೆ ಹೇಳಲು ಈಗ ಅವರಿಲ್ಲ. ಕೊಂದವರು ನನ್ನ ಆ ಹಕ್ಕನ್ನೂ ಕಸಿದರು.

ಅವರ ಮೇಲಿನ ಸಿಟ್ಟು ಹೊಸದಾಗಿರಲಿಲ್ಲ. 1989ರಲ್ಲಿ 'ಮಾರ್ಗ' ಮೊದಲ ಸಂಪುಟದಲ್ಲಿ ಚನ್ನಬಸವಣ್ಣನ ಹುಟ್ಟಿನ ಬಗ್ಗೆ ಬರೆದದ್ದಕ್ಕೆ ಸ್ವಂತ ಲಿಂಗಾಯತ ಸಮಾಜವೇ ತಿರುಗಿಬಿತ್ತು. ಒತ್ತಡಕ್ಕೆ ಮಣಿದು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಂಡರು. ಮನೆಮಂದಿಯ ಜೀವ ಉಳಿಸಲು ಹಾಗೆ ಮಾಡಿದೆ, ಅದು ನನ್ನ ಬೌದ್ಧಿಕ ಆತ್ಮಹತ್ಯೆ ಎಂದು ನೊಂದು ಹೇಳಿಕೊಂಡರು. ಅದೂ ಒಳ್ಳೆಯ ಕಾಲವಲ್ಲ, ಬೆದರಿಸಿ ಬಾಯಿ ಮುಚ್ಚಿಸಿದ ಕಾಲ. ಆದರೂ ಜೀವ ಉಳಿದಿತ್ತು. ಅವರು ಮತ್ತೆ ಬರೆದರು, ಒಪ್ಪದವರು ಮತ್ತೆ ಎದುರು ಬರೆದರು, ಇಪ್ಪತ್ತೈದು ವರ್ಷ ಆ ವಾದ ನಡೆಯಿತು.

2014ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಮೂಢನಂಬಿಕೆ ನಿಷೇಧದ ಮಸೂದೆಯ ಮೇಲೆ ಮಾತಾಡುವಾಗ ವಿಗ್ರಹಾರಾಧನೆಯ ಕುರಿತು ಯು. ಆರ್. ಅನಂತಮೂರ್ತಿಯವರು ಬರೆದದ್ದನ್ನು ಉಲ್ಲೇಖಿಸಿದರು. ಅಲ್ಲಿಂದ ಹದಿನಾಲ್ಕು ತಿಂಗಳು ಏನೇನು ನಡೆಯಿತು ನೋಡು. ಪ್ರತಿಭಟನೆ ನಡೆದವು, ದೂರು ದಾಖಲಾದವು. ಅಲ್ಲಿಯವರೆಗೆ ಸರಿ, ಅದು ಯಾರಿಗೂ ಇರುವ ಹಕ್ಕು. ಅದರ ಜೊತೆಗೇ ಚಹಾದ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಓಣಿಯಲ್ಲಿ ಇನ್ನೊಂದು ಮಾತು ಹರಿಯಿತು: ಇವನಿಗೆ ಯಾರಾದರೂ ಬುದ್ಧಿ ಕಲಿಸಬೇಕು ಎಂದು. ಹಾಗೆಂದವರಲ್ಲಿ ಸಾವಿರಕ್ಕೆ ಒಬ್ಬನೂ ಪಿಸ್ತೂಲು ಮುಟ್ಟುವವನಲ್ಲ. ಆದರೆ ಕೊಲ್ಲಲು ಹೊರಟವನಿಗೆ ಬೇಕಾದದ್ದು ಆ ಮಾತೇ. ಊರು ನನ್ನ ಬೆನ್ನಿಗಿದೆ ಎಂಬ ನಂಬಿಕೆ ಅವನಿಗೆ ಅಲ್ಲಿಂದ ಸಿಗುತ್ತದೆ. ಕೊಲೆಯಾದ ದಿನವೇ ಕರಾವಳಿಯ ಒಬ್ಬ ತರುಣ ಸಂತೋಷಪಟ್ಟು, ಮುಂದಿನ ಸರದಿ ಯಾರದೆಂದು ಇನ್ನೊಬ್ಬ ಲೇಖಕರ ಹೆಸರು ಹಾಕಿ ಟ್ವೀಟ್ ಮಾಡಿದ. ಎರಡು ವರ್ಷ ಕಳೆದು 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಗುಂಡಿಗೆ ಬಿದ್ದರು. ಎರಡೂ ಕಡೆ ಸಿಡಿದದ್ದು ಒಂದೇ ಪಿಸ್ತೂಲೆಂದು ವಿಧಿವಿಜ್ಞಾನ ಪ್ರಯೋಗಾಲಯ ವರದಿ ಕೊಟ್ಟಿತು.

ಕಲಬುರ್ಗಿ ಪ್ರಕರಣದ ದೋಷಾರೋಪ ಪಟ್ಟಿಯಲ್ಲಿರುವ ಆರು ಮಂದಿಯಲ್ಲಿ ನಮ್ಮ ಹುಬ್ಬಳ್ಳಿಯ ಹುಡುಗರೂ ಇದ್ದಾರೆ. ಅವರು ಅಪರಾಧಿಗಳೋ ಅಲ್ಲವೋ ಎಂಬುದನ್ನು ನ್ಯಾಯಾಲಯ ಹೇಳಬೇಕು; ನಾನು ಹೇಳುವುದಿಲ್ಲ, ನೀನೂ ಹೇಳಬೇಡ. ಆದರೆ ಪೊಲೀಸರು ಹಿಡಿದಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಅವರಿಗೂ ತಾಯಿ ತಂದೆ ಇದ್ದಾರೆ. ಅದನ್ನು ನೆನೆದಾಗಲೆಲ್ಲ ನಿನ್ನ ಮುಖ ಕಣ್ಣೆದುರು ಬರುತ್ತದೆ, ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ. ತಲೆದೂಗುವ ಹುಡುಗರನ್ನು ಹುಡುಕುವವರು ಇರುತ್ತಾರೆ ತಮ್ಮಾ. ಹುಡುಕುವವರ ಹೆಸರು ಎಲ್ಲೂ ಬರುವುದಿಲ್ಲ, ಕೋರ್ಟಿಗೆ ಅಲೆಯುವವನು ತಲೆದೂಗಿದವನು.

ಗೌರಿ ಪ್ರಕರಣದಲ್ಲಿ ಜಾಮೀನು ಪಡೆದು ಬಂದ ಇಬ್ಬರಿಗೆ 2024ರ ಅಕ್ಟೋಬರ್‌ನಲ್ಲಿ ವಿಜಯಪುರದಲ್ಲಿ ಹಾರ ಹಾಕಿ ಸನ್ಮಾನ ಮಾಡಿದರು. ಜಾಮೀನು ಆರೋಪಿಯ ಹಕ್ಕು, ಅದಕ್ಕೆ ನನ್ನ ತಕರಾರಿಲ್ಲ. ತೀರ್ಪು ಬಾರದವನನ್ನು ಕೊಲೆಗಾರನೆಂದು ಕೂಗುವುದು ಎಷ್ಟು ತಪ್ಪೋ, ಕೊಲೆಯ ಆರೋಪ ಹೊತ್ತದ್ದಕ್ಕೇ ಅವನನ್ನು ಶೂರನೆಂದು ಮೆರೆಸುವುದು ಅದಕ್ಕಿಂತ ಹೆಚ್ಚಿನ ತಪ್ಪು. ಆ ಹಾರವನ್ನು ನಿನ್ನ ಕಿರಿಯ ತಮ್ಮಂದಿರು ನೋಡುತ್ತಾರೆ.

ಹಾಗಾದರೆ ಮನಸ್ಸು ನೊಂದವರು ಏನು ಮಾಡಬೇಕೆಂದು ನೀನು ಕೇಳಬಹುದು. ಅದೇ ಗೌರಿ ಲಂಕೇಶ್ ಅವರ ಪತ್ರಿಕೆಯಲ್ಲಿ 2008ರಲ್ಲಿ ಬಂದ ಒಂದು ವರದಿಯ ಮೇಲೆ ಭಾಜಪ ಮುಖಂಡರು ಮಾನನಷ್ಟ ಮೊಕದ್ದಮೆ ಹೂಡಿದರು. ಹುಬ್ಬಳ್ಳಿಯ ನ್ಯಾಯಾಲಯ 2016ರ ನವೆಂಬರ್‌ನಲ್ಲಿ ಅವರಿಗೆ ಆರು ತಿಂಗಳ ಶಿಕ್ಷೆ ಹೇಳಿತು. ಅವರು ಜಾಮೀನು ಪಡೆದು ಮೇಲ್ಮನವಿಗೆ ಸಿದ್ಧರಾದರು. ಆ ತೀರ್ಪು ನಿನಗೆ ಸರಿಯೆನಿಸಲಿ, ನನಗೆ ತಪ್ಪೆನಿಸಲಿ, ಜಗಳ ನಡೆಯಬೇಕಾದ ಜಾಗದಲ್ಲಿ ನಡೆಯುತ್ತಿತ್ತು. ಹತ್ತು ತಿಂಗಳೊಳಗೆ ಗುಂಡು ಅದನ್ನು ಮುಗಿಸಿತು.

ಈಗ ನಿನ್ನ ಗೆಳೆಯರಲ್ಲಿ ಕಲಬುರ್ಗಿಯವರ ಪರ ಇರುವವರಿಗೂ ಒಂದು ಮಾತು. 2025ರ ಸೆಪ್ಟೆಂಬರ್ 10ರಂದು ಅಮೆರಿಕದ ಯೂಟಾದಲ್ಲಿ ಚಾರ್ಲಿ ಕರ್ಕ್ ಎಂಬ ಬಲಪಂಥದ ಮಾತುಗಾರನನ್ನು, ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾಗಲೇ, ಗುಂಡಿಟ್ಟು ಕೊಂದರು. 31 ವರ್ಷ, ಎರಡು ಎಳೆಯ ಮಕ್ಕಳ ತಂದೆ. ಅವನ ವಿಚಾರಗಳಲ್ಲಿ ನನಗೆ ಒಪ್ಪಿಗೆಯಾಗುವುದು ಬಹಳ ಕಡಿಮೆ. ಕೆಲವರು ಹಿಗ್ಗಿದರು. ಇನ್ನು ಕೆಲವರು ಹಿಗ್ಗಿದವರ ಪಟ್ಟಿ ಮಾಡಿ ನೌಕರಿಯಿಂದ ತೆಗೆಸಿದರು. ಹಿಗ್ಗದೆ ಬರೀ ಕಟುವಾಗಿ ಟೀಕಿಸಿದವರೂ ಆ ಪಟ್ಟಿಗೆ ಬಿದ್ದರು. ಕಲಬುರ್ಗಿಯವರಿಗಾಗಿ ಮೇಣದ ಬತ್ತಿ ಹಚ್ಚಿದ ಕೈ ಅಲ್ಲಿ ಚಪ್ಪಾಳೆ ತಟ್ಟಿದರೆ, ಇಲ್ಲಿ ಹಚ್ಚಿದ್ದಕ್ಕೆ ಬೆಲೆಯೇನು ಉಳಿಯಿತು?

ಸಿಟ್ಟು ಏನೆಂದು ನಮ್ಮ ಸೀಮೆಗೆ ಯಾರೂ ಕಲಿಸಬೇಕಾಗಿಲ್ಲ. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಗಿ ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಸತ್ತರು. ವರ್ಷ ವರ್ಷ ಹುತಾತ್ಮರ ಕಲ್ಲಿಗೆ ಮಾಲೆ ಹಾಕುತ್ತೇವೆ, ಹಾಕಲೇಬೇಕು. ಅದೇ ದಿನ ನರಗುಂದದಲ್ಲಿ ಮಂದಿಯ ಕೈಯಲ್ಲಿ ಪೊಲೀಸರೂ ಸತ್ತರು. ಅವರೂ ಯಾರದೋ ಮನೆಯ ಗಂಡಸರು. ಅವರ ಮಾತನ್ನು ನಮ್ಮ ಸಭೆಗಳಲ್ಲಿ ನಾನು ಕೇಳಿದ್ದು ಅಪರೂಪ. ಎರಡೂ ಕಡೆಯ ಸಾವನ್ನು ಒಂದೇ ಉಸಿರಿನಲ್ಲಿ ಹೇಳಲು ನಿನ್ನ ತಲೆಮಾರಿಗಾದರೂ ಬರಲಿ.

ಕಲಬುರ್ಗಿಯವರ ಸಾವಿಗೆ ಮೊದಮೊದಲು ದೇಶವೇ ಮಾತಾಡಿತು. ಹಿಂದಿಯ ಉದಯ ಪ್ರಕಾಶ್ ಅಕಾಡೆಮಿ ಪ್ರಶಸ್ತಿ ಮರಳಿಸಿದರು, ನಮ್ಮ ಚಂಪಾ ಪಂಪ ಪ್ರಶಸ್ತಿ ತಿರುಗಿ ಕೊಟ್ಟರು, ಧಾರವಾಡದಲ್ಲೇ ಹುಟ್ಟಿದ ಶಶಿ ದೇಶಪಾಂಡೆ ಅಕಾಡೆಮಿಯ ಸದಸ್ಯತ್ವ ಬಿಟ್ಟರು. ಆಮೇಲೆ ಮಂದಿ ತಮ್ಮ ತಮ್ಮ ಕೆಲಸಕ್ಕೆ ಹೋದರು. ಉಮಾದೇವಿಯವರು ಮಾತ್ರ ಸುಪ್ರೀಂ ಕೋರ್ಟಿನವರೆಗೆ ಹೋದರು. 2019ರಲ್ಲಿ ತನಿಖೆ ವಿಶೇಷ ತಂಡಕ್ಕೆ ಬಂದದ್ದು ಅವರ ಅರ್ಜಿಯಿಂದ. ಇಂಥದೇ ಇನ್ನೊಂದು ಕೊಲೆಗೆ, ಪುಣೆಯ ವಿಚಾರವಾದಿ ನರೇಂದ್ರ ದಾಭೋಲ್ಕರ್ ಅವರ ಕೊಲೆಗೆ, ಮೊದಲ ತೀರ್ಪು ಬರಲು ಸುಮಾರು ಹನ್ನೊಂದು ವರ್ಷ ಹಿಡಿಯಿತು.

ನಿನ್ನಿಂದ ನಾನು ಕೇಳುವುದು ದೊಡ್ಡದೇನಲ್ಲ. ಯಾರದೇ ಕೊಲೆಯ ಸುದ್ದಿ ಬಂದರೆ ಆ ದಿನ ಏನನ್ನೂ ಫಾರ್ವರ್ಡ್ ಮಾಡಬೇಡ, ಸ್ಟೇಟಸ್ ಹಾಕಬೇಡ. ಕೊಂದವನ ಜಾತಿ, ಧರ್ಮ ಹುಡುಕಿ ಆ ಓಣಿಯ ಮಂದಿಯನ್ನೆಲ್ಲ ಬೈಯಬೇಡ. ಸತ್ತವನು ಬರೆದದ್ದನ್ನು ತರಿಸಿ ಓದು, ಒಪ್ಪದಿದ್ದರೆ ಎದುರು ಬರೆ, ನಾನೇ ತಿದ್ದಿಕೊಡುತ್ತೇನೆ. ಮತ್ತು ಒಂದು ದಿನ ಬಿಡುವು ಮಾಡಿಕೊಂಡು ನನ್ನ ಜೊತೆ ಧಾರವಾಡದ ಕೋರ್ಟಿಗೆ ಬಾ. ಸಾಕ್ಷಿ ಹೇಗೆ ಹೇಳುತ್ತಾರೆ, ಆರೋಪಿಯ ವಕೀಲರು ಹೇಗೆ ಪಾಟಿಸವಾಲು ಮಾಡುತ್ತಾರೆ, ಒಬ್ಬರ ಜೀವ ತೆಗೆದದ್ದಕ್ಕೆ ಎಷ್ಟು ಮಂದಿ ಎಷ್ಟು ವರ್ಷ ಎದ್ದು ಕೂತು ಮಾಡಬೇಕಾಗುತ್ತದೆ ಎಂಬುದನ್ನು ಕಣ್ಣಾರೆ ನೋಡು. ಬೆಳಿಗ್ಗೆ ಬಸ್ಸಿಗೆ ಹೊರಟರೆ ಕೋರ್ಟು ಕೂಡುವ ಹೊತ್ತಿಗೆ ಮುಟ್ಟುತ್ತೇವೆ. ಯಾವ ದಿನ ಅನುಕೂಲವೆಂದು ತಿಳಿಸು.

ನಿನ್ನ ಹಿತ ಬಯಸುವ,
ಕಾಕಾ