ಎದೆಹಾಲು: ತಾಯಿಯೊಬ್ಬಳದೇ ಹೊಣೆಯೆ?

ತಾಯಿಯ ಹಾಲು ಹಸುಗೂಸಿಗೆ ಅಮೃತಸಮಾನವೆಂಬುದನ್ನು ಅಲ್ಲಗಳೆಯುವವರು ನಮ್ಮಲ್ಲಿಲ್ಲ. ಆದರೂ ಮುಂಬಯಿಯಂಥ ಮಹಾನಗರದಲ್ಲಿ ‘ಹಾಲು ಸಾಲದು’ ಎಂಬ ಕೊರಗಿನಿಂದ, ಹೆರಿಗೆಯಾದ ಕೆಲವೇ ವಾರಗಳಲ್ಲಿ ಡಬ್ಬಿಯ ಪುಡಿಹಾಲಿಗೆ ಮೊರೆಹೋಗುವ ತಾಯಂದಿರು ಅನೇಕರು. ಇವರಲ್ಲಿ ಬಹುಮಂದಿಯ ಶರೀರದಲ್ಲಿ ಕೊರತೆಯೇನೂ ಇರುವುದಿಲ್ಲ. ಕೊರತೆಯಿರುವುದು ಅವರಿಗೆ ದೊರೆಯಬೇಕಾದ ಜನಸಹಾಯದಲ್ಲಿ. ಅದನ್ನು ತುಂಬಿಕೊಡುವುದು ನಮ್ಮಂಥ ಸಂಘಗಳಿಗೆ ಸಾಧ್ಯವೆಂದು ತಿಳಿಸುವುದೇ ಈ ಲೇಖನದ ಉದ್ದೇಶ.

ಹಾಲು ಹುಟ್ಟುವ ಬಗೆ

ಮಗು ಮೊಲೆ ಚೀಪಿದಾಗ ತಾಯಿಯ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ಉತ್ಪಾದಿಸುತ್ತದೆ. ಆಕ್ಸಿಟೋಸಿನ್ ಅದನ್ನು ಹೊರಕ್ಕೆ ಹರಿಯಿಸುತ್ತದೆ. ಎದೆ ಬರಿದಾದಷ್ಟೂ ಹಾಲು ಹೆಚ್ಚು ಹುಟ್ಟುವುದು. ಬಾಟಲಿಯ ಹಾಲು ಕುಡಿದ ಮಗು ಎದೆಯನ್ನು ಕಡಿಮೆ ಚೀಪುತ್ತದೆ, ಹಾಲು ನಿಜವಾಗಿಯೇ ಇಳಿಯುತ್ತದೆ. ಭಯ, ನೋವು, ದುಗುಡಗಳು ಆಕ್ಸಿಟೋಸಿನ್ನನ್ನು ತಡೆಯುತ್ತವೆ. ಆದ್ದರಿಂದ ಬಾಣಂತಿಗೆ ಹೇಳುವ ಒಂದು ಧೈರ್ಯದ ಮಾತು ಬರಿಯ ಉಪಚಾರವಲ್ಲ, ಚಿಕಿತ್ಸೆಯೇ ಸರಿ.

ಊರಿನಲ್ಲಿ ಈ ಧೈರ್ಯವನ್ನು ತವರಿನ ಬಾಣಂತನ ಒದಗಿಸುತ್ತಿತ್ತು. ಮಗುವನ್ನು ಎದೆಗೆ ಹಿಡಿಯುವ ಬಗೆಯನ್ನು ಅಜ್ಜಿಯೋ ಅತ್ತಿಗೆಯೋ ಪಕ್ಕದಲ್ಲಿ ಕುಳಿತು ಕಲಿಸುತ್ತಿದ್ದರು. ಆದರೆ ಮೊದಲ ದಿನಗಳ ಹಳದಿ ಹಾಲನ್ನು ಚೆಲ್ಲುವುದು, ಕೂಸಿಗೆ ಜೇನು ನೆಕ್ಕಿಸುವುದು ಮೊದಲಾದ ತಪ್ಪು ರೂಢಿಗಳೂ ಅಲ್ಲಿದ್ದವು. ಆ ಹಳದಿ ಹಾಲು ರೋಗನಿರೋಧಕ ಶಕ್ತಿಯ ಭಂಡಾರ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸ್ಪಷ್ಟವಾಗಿದೆ: ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು, 6 ತಿಂಗಳವರೆಗೆ ನೀರನ್ನೂ ಕೊಡದೆ ಎದೆಹಾಲೊಂದೇ, ಆಮೇಲೆ ಮನೆಯ ಮೆದು ಆಹಾರದೊಡನೆ 2 ವರ್ಷ ಅಥವಾ ಅದಕ್ಕೂ ಮೀರಿ ಎದೆಹಾಲು.

ಫೋರ್ಟಿನ ಕಚೇರಿ, ಉಪನಗರದ ತೊಟ್ಟಿಲು

ಫೋರ್ಟಿನ ಬ್ಯಾಂಕುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ಸೋದರಿಯರಲ್ಲಿ ಹಲವರ ಮನೆ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಇರುತ್ತದೆ. ಲೋಕಲ್ ರೈಲಿನ ಪ್ರಯಾಣವೂ ಸೇರಿ ಹತ್ತು ಹನ್ನೊಂದು ತಾಸು ತಾಯಿ-ಮಗು ಅಗಲಿರಬೇಕು. ಮಹಾರಾಷ್ಟ್ರದ ಬಸ್ ನಿಲ್ದಾಣಗಳಲ್ಲಿ ಹಾಲೂಡಿಸುವ ತಾಯಂದಿರಿಗಾಗಿ ಮೀಸಲಿಟ್ಟ ಕೋಣೆಗೆ ‘ಹಿರಕಣಿ ಕಕ್ಷ’ವೆಂದು ಹೆಸರು. ರಾಯಗಡದ ಕೋಟೆಗೆ ಹಾಲು ಮಾರಲು ಬಂದ ಹಿರಕಣಿಯೆಂಬ ಗೌಳಗಿತ್ತಿ, ಸಂಜೆ ಬಾಗಿಲು ಮುಚ್ಚಿದಾಗ, ಮನೆಯಲ್ಲಿದ್ದ ಕೂಸಿಗಾಗಿ ಕಡಿದಾದ ಬಂಡೆಯನ್ನು ಕತ್ತಲೆಯಲ್ಲಿ ಇಳಿದಳೆಂದು ಐತಿಹ್ಯ. ಆಕೆಯ ಸಾಹಸವನ್ನು ಕೊಂಡಾಡುವುದು ಸುಲಭ. ಬಾಗಿಲು ತೆರೆಯುವುದು ನಮ್ಮ ಕರ್ತವ್ಯ.

ಕಾನೂನು ಕೆಲವು ಬಾಗಿಲುಗಳನ್ನು ತೆರೆದಿದೆ. ಮುಂಬಯಿ ಪ್ರಾಂತದಲ್ಲಿ 1929ರಲ್ಲಿಯೇ ಹೆರಿಗೆ ಸೌಲಭ್ಯದ ಕಾಯ್ದೆ ಬಂದಿತು. 1961ರ ಕೇಂದ್ರ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯು, ಅರ್ಹ ಉದ್ಯೋಗಿನಿಯರಿಗೆ ಮೊದಲ ಎರಡು ಮಕ್ಕಳ ಹೆರಿಗೆಗೆ 26 ವಾರಗಳ ಸಂಬಳಸಹಿತ ರಜೆಯನ್ನು ನೀಡಿತು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ, ಅಲ್ಲಿಗೆ ದಿನಕ್ಕೆ ನಾಲ್ಕು ಸಲ ಹೋಗಿಬರುವ ಅವಕಾಶ, ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ಎರಡು ಬಿಡುವು, ಇವೂ ತಾಯಿಯ ಹಕ್ಕುಗಳೇ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇವನ್ನು ಉಳಿಸಿಕೊಂಡಿದೆ. 1992ರ ಇನ್ನೊಂದು ಕಾಯ್ದೆಯು ಶಿಶುಗಳ ಪುಡಿಹಾಲಿನ ಜಾಹೀರಾತನ್ನೂ ತಾಯಂದಿರಿಗೆ ಉಚಿತ ಮಾದರಿ ಹಂಚುವುದನ್ನೂ ನಿಷೇಧಿಸಿದೆ.

ಕೆಲಸಕ್ಕೆ ಮರಳಿದವರು ಕೈ ತೊಳೆದು, ಕುದಿಸಿ ಶುದ್ಧಗೊಳಿಸಿದ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಲನ್ನು ಹಿಂಡಿ ತೆಗೆದಿಡಬಹುದು. ಮುಂಬಯಿಯ ಸೆಕೆಯಲ್ಲಿ ಮೂರು ತಾಸಿಗಿಂತ ಹೆಚ್ಚು ಹೊರಗಿಡದೆ ಫ್ರಿಜ್ಜಿನಲ್ಲಿಟ್ಟು, ಒಂದು ದಿನದೊಳಗೆ ಬಳಸಬೇಕು. ಅದನ್ನು ಕುದಿಸಬಾರದು, ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗಾಗಿಸಿದರೆ ಸಾಕು. ಕುಡಿಸಲು ಬಾಟಲಿಗಿಂತ ನಮ್ಮ ಹಳೆಯ ಒಳಲೆಯೇ ಲೇಸು.

ನೆರವು ಎಲ್ಲಿದೆ?

ಫೋರ್ಟಿನಲ್ಲಿಯೇ, ರೈಲು ನಿಲ್ದಾಣದ ಸಮೀಪದಲ್ಲಿ, 1886ರಲ್ಲಿ ತೆರೆದ ಕಾಮಾ ಆಸ್ಪತ್ರೆ ಸ್ತ್ರೀಯರ ಮತ್ತು ಮಕ್ಕಳ ಆರೈಕೆಗಾಗಿಯೇ ಸ್ಥಾಪಿತವಾದುದು. ಸಯನ್ನಿನ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರ ಪ್ರಯತ್ನದಿಂದ 1989ರಲ್ಲಿ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕು ಆರಂಭವಾಯಿತು. ಒಬ್ಬ ತಾಯಿಯ ಮಿಕ್ಕ ಹಾಲು, ಪರೀಕ್ಷೆ ಮತ್ತು ಪಾಶ್ಚೀಕರಣದ ಬಳಿಕ, ಮತ್ತೊಬ್ಬಳ ಅವಧಿಗೆ ಮುನ್ನ ಹುಟ್ಟಿದ ಕೂಸನ್ನು ಉಳಿಸುತ್ತದೆ. ಪರಸ್ಪರ ನೆರವಿಗೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕೆ?

ಸಂಘವು ಮಾಡಬಹುದಾದುದು

1. ಮಕ್ಕಳಿಗೆ ಹಾಲೂಡಿಸಿ ಅನುಭವವಿರುವ ಸದಸ್ಯೆಯರ ಪಟ್ಟಿಯನ್ನು ವಿಭಾಗವಾರು ಸಿದ್ಧಪಡಿಸಿ, ಹೊಸ ಬಾಣಂತಿಯನ್ನು ಮೊದಲ ವಾರದಲ್ಲೇ ಭೇಟಿಮಾಡುವುದು.

2. ನಾಟಕ, ಹಬ್ಬ, ಸಭೆಗಳ ದಿನ ಹಾಲೂಡಿಸಲು ಒಂದು ಕೋಣೆಯನ್ನು ಮೀಸಲಿಡುವುದು.

3. ಆಗಸ್ಟ್ 1ರಿಂದ 7ರವರೆಗಿನ ವಿಶ್ವ ಸ್ತನ್ಯಪಾನ ಸಪ್ತಾಹದಲ್ಲಿ ವೈದ್ಯರಿಂದ ಕನ್ನಡದಲ್ಲಿ ಉಪನ್ಯಾಸ ಏರ್ಪಡಿಸಿ, ಗಂಡಂದಿರನ್ನೂ ಅತ್ತೆಯಂದಿರನ್ನೂ ಆಹ್ವಾನಿಸುವುದು.

ಮೊದಲ ವಾರ ಕಳೆದ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಿ, ತೂಕದಲ್ಲಿ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆಯೆಂದೇ ತಿಳಿಯಬೇಕು. ಮಗು ಮಂಕಾಗಿದ್ದರೆ, ಮೂತ್ರ ಕಡಿಮೆಯಾದರೆ, ಜ್ವರ ಬಂದರೆ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಔಷಧೋಪಚಾರದಿಂದಲೋ ಅನಾರೋಗ್ಯದಿಂದಲೋ ಹಾಲೂಡಿಸಲಾಗದ ತಾಯಂದಿರೂ ಇದ್ದಾರೆ. ಅವರನ್ನು ಚುಚ್ಚಿ ಮಾತನಾಡುವುದು ಕ್ರೌರ್ಯ. ಹಾಲು ತಾಯಿಯದು, ಆಕೆಗೆ ಬಿಡುವು, ಊಟ, ನಿದ್ದೆ ಮತ್ತು ಭರವಸೆಗಳನ್ನು ಒದಗಿಸುವ ಹೊಣೆ ನಮ್ಮೆಲ್ಲರದು.