ಭಜನೆಯ ಮೇಳಕ್ಕೆ ತಕ್ಕ ಕೈವಾದ್ಯ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ತತ್ವಪದಗಳ ಭಜನೆ ಇಂದಿಗೂ ಜೀವಂತವಾಗಿದೆ. ಏಕತಾರಿಯ ಶ್ರುತಿಯೊಡನೆ ದಮ್ಮಡಿ, ತಾಳ, ಚಿಟಿಕೆಗಳು ಲಯವನ್ನು ಹಿಡಿಯುತ್ತವೆ. ಕಡಕೋಳ ಮಡಿವಾಳಪ್ಪನವರಂಥ ಅನುಭಾವಿಗಳ ಪದಗಳಿಗೆ ಅರ್ಥವೇ ಪ್ರಾಣ. ವಾದ್ಯದ ಸದ್ದಿನಲ್ಲಿ ಮಾತು ಮುಳುಗಿದರೆ ಹಾಡಿದ್ದೂ ವ್ಯರ್ಥ. ಆದುದರಿಂದ ಸಭೆಯಲ್ಲಿ ಹಾಡಲು ಹೊರಡುವ ಮೇಳವು ಕೈವಾದ್ಯಗಳನ್ನು ಹೇಗೆ ಆರಿಸಿಕೊಳ್ಳಬೇಕೆಂಬುದನ್ನು ವಿಚಾರಿಸೋಣ.

ಮೊದಲು ದಮ್ಮಡಿ. ಇದು ಬಳೆಯಾಕಾರದ ಚೌಕಟ್ಟಿನ ಒಂದು ಮುಖಕ್ಕೆ ಚರ್ಮವನ್ನು ಬಿಗಿದ ವಾದ್ಯ. ಬಡಿದಾಗ ಚರ್ಮ ಕಂಪಿಸುತ್ತದೆ. ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆಗೆ ಆವೃತ್ತಿ ಎಂದು ಹೆಸರು. ಚರ್ಮವು ಅಗಲವೂ ಭಾರವೂ ಆದಷ್ಟು ಆವೃತ್ತಿ ಇಳಿಯುತ್ತದೆ, ಬಿಗಿಯಾದಷ್ಟು ಏರುತ್ತದೆ. ಆದರೆ ಬಿಗಿತ ನಾಲ್ಮಡಿಯಾದರೆ ಆವೃತ್ತಿ ಇಮ್ಮಡಿಯಾಗುವುದಷ್ಟೆ. ತೇವದ ಗಾಳಿಯಲ್ಲಿ ಚರ್ಮವು ನೀರನ್ನು ಹೀರಿ ಸಡಿಲವಾಗುತ್ತದೆ, ತೂಕವೂ ಹೆಚ್ಚುತ್ತದೆ. ಈ ಎರಡು ಕಾರಣಗಳಿಂದ ಧ್ವನಿ ಇಳಿದು ಮಂಕಾಗುತ್ತದೆ. ವಾದಕರು ದಮ್ಮಡಿಯನ್ನು ಬೆಂಕಿಗೆ ಕಾಯಿಸುವುದರ ಮರ್ಮವಿದು. ಮಳೆಗಾಲದಲ್ಲಿ, ಅಥವಾ ಕೃಷ್ಣಾ ತೀರದ ತಿಂಥಣಿಯಂಥ ಸ್ಥಳದಲ್ಲಿ ಇರುಳೆಲ್ಲ ಹಾಡುವವರಿಗೆ ಕಾಯಿಸುವ ಅನುಕೂಲವಿಲ್ಲದಿದ್ದರೆ, ತೇವಕ್ಕೆ ಜಗ್ಗದ ಪ್ಲಾಸ್ಟಿಕ್ ಹೊದಿಕೆಯ ವಾದ್ಯವೇ ಲೇಸು.

ದಮ್ಮಡಿಯನ್ನು ಶ್ರುತಿಗೆ ಕೂಡಿಸಬೇಕೆ? ಮೃದಂಗ, ತಬಲಗಳ ಮುಖದ ನಡುವೆ ಹಚ್ಚಿದ ಕರಣೆಯ ಭಾರದಿಂದ ಅವುಗಳ ಉಪಸ್ವರಗಳು ಸರಳ ಪ್ರಮಾಣದಲ್ಲಿ ಹೊಂದಿಕೊಳ್ಳುತ್ತವೆಂದು ಸಿ. ವಿ. ರಾಮನ್ ಅವರು ೧೯೨೦ರಲ್ಲಿ ತೋರಿಸಿಕೊಟ್ಟರು. ಕರಣೆಯಿಲ್ಲದ ಚರ್ಮದಲ್ಲಾದರೋ ಎರಡನೆಯ ಆವೃತ್ತಿಯು ಮೊದಲಿನದರ ಸುಮಾರು ೧.೫೯ರಷ್ಟು, ಮೂರನೆಯದು ೨.೧೪ರಷ್ಟು. ಇವು ಕೂಡಿ ಒಂದು ಸ್ಪಷ್ಟ ಸ್ವರವಾಗಲಾರವು. ಆದಕಾರಣ ದಮ್ಮಡಿಯಲ್ಲಿ ನಾವು ನೋಡಬೇಕಾದದ್ದು ಸ್ವರವನ್ನಲ್ಲ, ಪೆಟ್ಟಿನ ಖಚಿತತೆಯನ್ನು.

ಇನ್ನು ತಾಳದ ವಿಚಾರ. ನಮ್ಮ ಕಿವಿ ಸೆಕೆಂಡಿಗೆ ೨,೦೦೦ದಿಂದ ೫,೦೦೦ ಕಂಪನಗಳ ನಡುವೆ ಬಹಳ ಚುರುಕು. ಸ, ಶ, ತ ಮೊದಲಾದ ವ್ಯಂಜನಗಳನ್ನು ನಾವು ಬೇರ್ಪಡಿಸಿ ತಿಳಿಯುವುದು ಬಹುಮಟ್ಟಿಗೆ ಇಂಥ ಮೇಲಿನ ಕಂಪನಗಳಿಂದಲೇ. ಕಂಚಿನ ತಾಳದ ಝೇಂಕಾರವೂ ಇದೇ ವಲಯವನ್ನು ತುಂಬಿ, ಪೆಟ್ಟಿನ ನಂತರವೂ ಬಹಳ ಹೊತ್ತು ನಿಲ್ಲುತ್ತದೆ. ಅದರ ಮರೆಯಲ್ಲಿ ವ್ಯಂಜನಗಳು ಅಡಗುತ್ತವೆ. ಕಲ್ಲಿನ ಮಂಟಪದಲ್ಲಿ ಗೋಡೆಗಳ ಪ್ರತಿಧ್ವನಿ ಸೇರಿ ತೊಂದರೆ ಇಮ್ಮಡಿಸುತ್ತದೆ. ಅಲ್ಲಿಗೆ ಮರದ ಚಿಟಿಕೆ ಉತ್ತಮ. ಅದರ ಸದ್ದು ಹುಟ್ಟಿದೊಡನೆ ಅಡಗುತ್ತದೆ. ಜಾತ್ರೆಯ ಬಯಲಿನಲ್ಲಿ ಪ್ರತಿಧ್ವನಿ ಕಡಮೆಯಾದ್ದರಿಂದ ಒಂದು ಜೊತೆ ತಾಳ ಒಪ್ಪುತ್ತದೆ. ಮೈಕು ಇದ್ದಲ್ಲಿ ತಾಳದವನು ದೂರ ನಿಲ್ಲಲಿ: ಬಯಲಿನಲ್ಲಿ ದೂರ ಇಮ್ಮಡಿಯಾದರೆ ಧ್ವನಿಯ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಗೆಳೆಯರಿಗೆ ತಿಳಿಯದ ಒಂದು ಪದವನ್ನು ಒಬ್ಬನು ಹಾಡಲಿ. ಮೂವತ್ತು ಹೆಜ್ಜೆ ದೂರದಲ್ಲಿ ಕುಳಿತವರು ಕೇಳಿದ ಮಾತುಗಳನ್ನು ಬರೆದುಕೊಳ್ಳಲಿ. ಮೊದಲು ತಾಳ, ಆಮೇಲೆ ಚಿಟಿಕೆ, ಕೊನೆಗೆ ದಮ್ಮಡಿ ಹೀಗೆ ಬದಲಿಸುತ್ತ, ಪ್ರತಿಸಲವೂ ಹೊಸ ಪದವನ್ನೇ ಹಾಡಬೇಕು. ತಪ್ಪಿಹೋದ ಮಾತುಗಳು ಯಾವ ವಾದ್ಯದೊಡನೆ ಅತಿ ಕಡಮೆಯೋ, ಆ ಸ್ಥಳಕ್ಕೆ ಅದೇ ತಕ್ಕ ವಾದ್ಯ.